ಅಂತರಜಾಲ ಮಳಿಗೆ: ಹಣ ಕಳುಹಿಸುವ ಮುನ್ನ ಇರಲಿ ಪರಿಶೀಲನೆ

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಕೊಳ್ಳುವ ವರ್ತಕನು ಚೀಲಕ್ಕೆ ಕೈಹಾಕಿ ಬಣ್ಣವನ್ನೂ ತೇವಾಂಶವನ್ನೂ ನೋಡದೆ ದರ ನಮೂದಿಸುವುದಿಲ್ಲ. ಕಬ್ಬಿಣ ತರಿಸುವ ಕಾರ್ಖಾನೆದಾರನು ತೂಕದ ಚೀಟಿ ನೋಡದೆ ಬಿಲ್ಲು ಒಪ್ಪುವುದಿಲ್ಲ. ಆದರೆ ಅದೇ ವರ್ತಕ, ಅದೇ ಕಾರ್ಖಾನೆದಾರ ಎಂದೂ ಕಾಣದ ಅಂತರಜಾಲ ಮಳಿಗೆಗೆ ಬರಿಯ ಚಿತ್ರವನ್ನು ನಂಬಿ ಪೂರ್ಣ ಹಣವನ್ನು ಮುಂಗಡವಾಗಿ ಕಳುಹಿಸಲು ಹಿಂಜರಿಯುವುದಿಲ್ಲ. ವ್ಯಾಪಾರದಲ್ಲಿ ತಲೆಮಾರುಗಳಿಂದ ಬಂದ ಎಚ್ಚರಿಕೆಯನ್ನು ಪರದೆಯ ಮುಂದೆ ಬಿಟ್ಟುಕೊಡುವುದು ವಿವೇಕವಲ್ಲ.

ವಂಚನೆಯ ಕ್ರಮ ಹೆಚ್ಚುಕಡಿಮೆ ಒಂದೇ ಬಗೆಯದು. ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗ್‌ನಲ್ಲೋ ಇರುವ ಸಣ್ಣ ಘಟಕವೊಂದರ ಏರ್ ಕಂಪ್ರೆಸರ್ ಕೆಟ್ಟು ಕೆಲಸ ನಿಂತಿದೆ ಎಂದಿಟ್ಟುಕೊಳ್ಳಬಹುದು. ಹುಡುಕಿದಾಗ ಹೆಸರಾಂತ ತಯಾರಿಕೆಯ ಯಂತ್ರವೇ ಮಾರುಕಟ್ಟೆ ದರದ ಅರ್ಧಕ್ಕೆ ದೊರೆಯುವ ಮಳಿಗೆ ಕಾಣುತ್ತದೆ. ಉಳಿದಿರುವುದು ಎರಡೇ ಯಂತ್ರ, ದರ ಇಂದು ಸಂಜೆಯವರೆಗೆ ಮಾತ್ರ ಎಂಬ ಸೂಚನೆಯೂ ಇರುತ್ತದೆ. ಹಣ ಸಂದ ಮೇಲೆ ಲಾರಿ ರಸೀದಿಯ ಚಿತ್ರವೊಂದು ಬರುತ್ತದೆ. ಮರುದಿನ ವಿಮೆಗೆಂದೋ ತೆರಿಗೆಗೆಂದೋ ಇನ್ನಷ್ಟು ಹಣದ ಬೇಡಿಕೆ ಬರುತ್ತದೆ. ಅದನ್ನೂ ಕಟ್ಟಿದ ಬಳಿಕ ದೂರವಾಣಿ ಸ್ತಬ್ಧವಾಗುತ್ತದೆ.

ಈ ಕ್ರಮದಲ್ಲಿಯೇ ಎಚ್ಚರಿಕೆಯ ಚಿಹ್ನೆಗಳು ಅಡಗಿವೆ. ಕಾರಣವಿಲ್ಲದ ಅಗ್ಗದ ಬೆಲೆ ಮೊದಲನೆಯದು, ಯೋಚಿಸಲು ಬಿಡದ ಅವಸರ ಎರಡನೆಯದು. ಸಂಸ್ಥೆಯ ಹೆಸರೊಂದು, ಹಣ ಪಡೆಯುವ ಖಾತೆಯ ಹೆಸರು ಮತ್ತೊಂದು ಆಗಿರುವುದು ಎಲ್ಲಕ್ಕಿಂತ ಗಂಭೀರವಾದುದು. ಯುಪಿಐ ಪಾವತಿಯಲ್ಲಿ ಹಣ ಪಡೆಯುವವರ ಹೆಸರು ಪರದೆಯಲ್ಲಿ ಕಾಣುತ್ತದೆ. ಆರ್‌ಟಿಜಿಎಸ್ ಮತ್ತು ನೆಫ್ಟ್ ಪಾವತಿಗಳಿಗೂ ಇಂತಹ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿತ್ತು. ಆ ಹೆಸರನ್ನು ಓದದೆ ಮುಂದುವರಿಯುವುದು ಚೆಕ್ಕಿನ ಮೇಲೆ ಹೆಸರು ಬರೆಯದೆ ಕೊಟ್ಟಂತೆಯೇ ಸರಿ. ವಿಳಾಸದ ಪಕ್ಕದಲ್ಲಿ ಕಾಣುವ ಬೀಗದ ಗುರುತು ಮಾಹಿತಿ ಗೂಢಲಿಪಿಯಲ್ಲಿ ಸಾಗುತ್ತದೆ ಎಂಬುದನ್ನಷ್ಟೇ ಸೂಚಿಸುತ್ತದೆ. ಮಾರುವವನ ಪ್ರಾಮಾಣಿಕತೆಗೆ ಅದು ಸಾಕ್ಷಿಯಲ್ಲ.

ಜಿಎಸ್‌ಟಿ ನೋಂದಣಿ ಸಂಖ್ಯೆ ವರ್ತಕರ ಕೈಯಲ್ಲಿರುವ ಉತ್ತಮ ಒರೆಗಲ್ಲು. ಅದರ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ನಂತರದ 10 ಅಕ್ಷರಗಳು ಪ್ಯಾನ್ ಸಂಖ್ಯೆ. ಪ್ಯಾನ್‌ನ ನಾಲ್ಕನೆಯ ಅಕ್ಷರ ‘ಸಿ’ ಇದ್ದರೆ ಕಂಪನಿ, ‘ಎಫ್’ ಇದ್ದರೆ ಪಾಲುದಾರಿಕೆ ಸಂಸ್ಥೆ, ‘ಪಿ’ ಇದ್ದರೆ ವ್ಯಕ್ತಿ. ಪ್ರೈವೇಟ್ ಲಿಮಿಟೆಡ್ ಎಂದು ಹೇಳಿಕೊಳ್ಳುವ ಮಳಿಗೆಯ ಸಂಖ್ಯೆಯಲ್ಲಿ ಆ ಸ್ಥಾನದಲ್ಲಿ ‘ಪಿ’ ಇದ್ದರೆ ಅಲ್ಲಿಯೇ ನಿಲ್ಲಬೇಕು. ನೋಂದಾಯಿತ ಹೆಸರು, ನೋಂದಣಿಯ ದಿನಾಂಕ, ನೋಂದಣಿ ಚಾಲ್ತಿಯಲ್ಲಿದೆಯೇ ರದ್ದಾಗಿದೆಯೇ ಎಂಬ ವಿವರಗಳು ಜಿಎಸ್‌ಟಿ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಆದರೆ ವಂಚಕರು ಬೇರೆ ಸಂಸ್ಥೆಯ ನಿಜವಾದ ಸಂಖ್ಯೆಯನ್ನೇ ಕದ್ದು ಹಾಕಿಕೊಳ್ಳುವುದೂ ಉಂಟು. ಆದಕಾರಣ ಮಳಿಗೆಯೇ ಕೊಟ್ಟ ದೂರವಾಣಿಗೆ ಕರೆ ಮಾಡಿ ತೃಪ್ತರಾಗದೆ, ಆ ಸಂಸ್ಥೆಯನ್ನು ಬೇರೆ ಮೂಲದಿಂದ ಸಂಪರ್ಕಿಸಿ ಖಚಿತಪಡಿಸಿಕೊಳ್ಳಬೇಕು.

ಇಷ್ಟೆಲ್ಲ ವಿಚಾರಿಸಲು ಪುರುಸೊತ್ತೆಲ್ಲಿ ಎಂಬ ಆಕ್ಷೇಪ ಸಹಜ. ಆದರೆ ನಷ್ಟವಾದಾಗ ವರ್ತಕನಿಗಿರುವ ಆಸರೆ ಸಾಮಾನ್ಯ ಗ್ರಾಹಕನಿಗಿಂತ ಕಡಿಮೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಮರುಮಾರಾಟಕ್ಕೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಕೊಂಡವನು ಗ್ರಾಹಕನಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯ ಸಾಗಿಸಲೆಂದೇ ಕೊಂಡವರಿಗೆ ಮಾತ್ರ ವಿನಾಯಿತಿ ಇದೆ. ಸರಕು ಕೈಸೇರದಿದ್ದರೆ ಬಿಲ್ಲಿನಲ್ಲಿ ತೋರಿಸಿದ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಕೂಡ ದೊರೆಯದು. ಮೇಲಾಗಿ ಹೋಗುವ ಹಣ ಲಾಭದ್ದಲ್ಲ, ದುಡಿಯುವ ಬಂಡವಾಳ. ಕಾರ್ಮಿಕರ ವಾರದ ಬಟವಾಡೆಯೂ ಬ್ಯಾಂಕಿನ ಕಂತೂ ಅದರಿಂದಲೇ ಸಲ್ಲಬೇಕು.

ವಂಚನೆಗೊಳಗಾದವರು ಮರ್ಯಾದೆಗೆ ಅಂಜಿ ಸುಮ್ಮನಿರುವುದು ವಂಚಕರಿಗೆ ದೊರೆಯುವ ದೊಡ್ಡ ನೆರವು. ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿದರೆ ಹಣ ಮುಂದಿನ ಖಾತೆಗೆ ಜಾರುವ ಮುನ್ನ ತಡೆಹಿಡಿಯುವ ಅವಕಾಶವಿರುತ್ತದೆ. ಪಾವತಿಯ ವಿವರ, ಸಂದೇಶಗಳು, ಮಳಿಗೆಯ ಪುಟದ ಚಿತ್ರ ಇವನ್ನು ಅಳಿಸದೆ ಕಾಪಾಡಬೇಕು. ಕಂಪ್ಯೂಟರ್ ಸಾಧನ ಬಳಸಿ ಬೇರೊಬ್ಬರ ಸೋಗಿನಲ್ಲಿ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ.

ಈ ವಿಷಯಕ್ಕೆ ಮತ್ತೊಂದು ಮುಖವೂ ಇದೆ. ಅನೇಕ ಪ್ರಾಮಾಣಿಕ ಕಿರು ಉದ್ದಿಮೆದಾರರ ಜಾಲತಾಣಗಳಲ್ಲಿ ಪೂರ್ಣ ವಿಳಾಸವಿಲ್ಲ, ಜಿಎಸ್‌ಟಿ ಸಂಖ್ಯೆಯಿಲ್ಲ. ಹಣ ಹೋಗುವುದು ಮಾಲೀಕರ ಮನೆಯವರ ಖಾತೆಗೆ. ಎಚ್ಚರಿಕೆಯುಳ್ಳ ಖರೀದಿದಾರನಿಗೆ ಇಂತಹ ಮಳಿಗೆಗೂ ವಂಚಕನ ಮಳಿಗೆಗೂ ಭೇದ ತಿಳಿಯುವುದು ಹೇಗೆ? 2020ರ ಇ-ಕಾಮರ್ಸ್ ನಿಯಮಗಳು ಕಾನೂನುಬದ್ಧ ಹೆಸರು, ಕಚೇರಿಗಳ ವಿಳಾಸ ಮತ್ತು ದೂರು ಸ್ವೀಕರಿಸುವ ಅಧಿಕಾರಿಯ ವಿವರ ಪ್ರಕಟಿಸಬೇಕೆಂದು ಹೇಳುತ್ತವೆ. ಇದನ್ನು ಹೊರೆಯೆಂದು ಭಾವಿಸದೆ ಅಂಗಡಿಯ ನಾಮಫಲಕವೆಂದು ತಿಳಿಯುವುದು ಒಳಿತು. ಸದಸ್ಯರು ತಮ್ಮ ವಿವರಗಳನ್ನು ಸರಿಪಡಿಸಿಕೊಳ್ಳಲು ಮತ್ತು ಅಪರಿಚಿತ ಮಾರಾಟಗಾರರ ಬಗ್ಗೆ ವಿಚಾರಿಸಲು ವಾಣಿಜ್ಯ ಸಂಸ್ಥೆಗಳು ತಮ್ಮ ಕಚೇರಿಗಳಲ್ಲಿ ನೆರವಿನ ವ್ಯವಸ್ಥೆ ಮಾಡುವುದು ಅಪೇಕ್ಷಣೀಯ. ಪ್ರಾಮಾಣಿಕರೆಲ್ಲ ತಮ್ಮ ಗುರುತನ್ನು ಬಹಿರಂಗವಾಗಿ ತೋರಿಸಿದಾಗ, ತೋರಿಸಲಾರದವನು ತಾನಾಗಿಯೇ ಬಯಲಾಗುತ್ತಾನೆ.