ಮೀನಿಗೆ ಮೊದಲು ನೀರು

ಹೊಸ ಗಾಜಿನ ತೊಟ್ಟಿ ಮನೆಗೆ ಬಂದ ದಿನವೇ ಅದರಲ್ಲಿ ಮೀನು ಈಜಬೇಕೆಂಬುದು ಮಕ್ಕಳ ಹಟ. ಹಿರಿಯರ ಆತುರವೂ ಹೌದು. ಅಂಗಡಿಗಳಲ್ಲಿ ಇದಕ್ಕೊಂದು ಸಿದ್ಧ ಸಲಹೆ ದೊರೆಯುತ್ತದೆ. ಮೊದಲು ಅಗ್ಗದ ನಾಲ್ಕು ಮೀನು ಬಿಡಿ, ಅವು ಉಳಿದರೆ ಒಂದು ತಿಂಗಳ ನಂತರ ಒಳ್ಳೆಯ ಮೀನು ಕೊಂಡೊಯ್ಯಿರಿ ಎಂಬುದು ಆ ಸಲಹೆ. ‘ಉಳಿದರೆ’ ಎಂಬ ಪದವನ್ನು ನಾವು ಗಮನಿಸದೆ ದಾಟಿಬಿಡುತ್ತೇವೆ. ಅಹಿಂಸೆಯೇ ಪರಮಧರ್ಮವೆಂದು ನಂಬಿದ ಮನೆಗಳಲ್ಲಿಯೂ ಈ ಮಾತು ಪ್ರಶ್ನೆಯಿಲ್ಲದೆ ಪಾಲನೆಯಾಗುತ್ತಿರುವುದು ವಿಚಾರಾರ್ಹ.

ಹೊಸ ನೀರು ಕಣ್ಣಿಗೆ ತಿಳಿಯಾಗಿ ಕಾಣುತ್ತದೆ. ಆದರೆ ಮೀನಿನ ವಾಸಕ್ಕೆ ಅದು ಇನ್ನೂ ಯೋಗ್ಯವಾಗಿರುವುದಿಲ್ಲ. ಮೀನು ತನ್ನ ಕಿವಿರುಗಳ ಮೂಲಕವೇ ಅಮೋನಿಯಾವನ್ನು ಹೊರಹಾಕುತ್ತದೆ. ಅದರ ಮಲವೂ ತಿನ್ನದೆ ಉಳಿದ ಆಹಾರವೂ ಕೊಳೆತಾಗ ಮತ್ತಷ್ಟು ಅಮೋನಿಯಾ ಸೇರುತ್ತದೆ. ಕೆರೆಯಲ್ಲಿ ನೀರು ಅಪಾರ. ಅಲ್ಲದೆ ಕೆಸರು, ಕಲ್ಲು, ಬೇರುಗಳ ಮೇಲೆ ನೆಲೆಸಿದ ಬ್ಯಾಕ್ಟೀರಿಯಾಗಳು ಈ ವಿಷವನ್ನು ಕಳೆಯುತ್ತಲೇ ಇರುತ್ತವೆ. ವರಂಗದ ಕೆರೆ ಬಸದಿಗೆ ದೋಣಿಯಲ್ಲಿ ಸಾಗುವಾಗ ಕಾಣುವ ಮೀನುಗಳಿಗೆ ಯಾರೂ ನೀರನ್ನು ಸಿದ್ಧಪಡಿಸಿ ಕೊಡಬೇಕಾಗಿಲ್ಲ. 40 ಲೀಟರಿನ ಗಾಜಿನ ತೊಟ್ಟಿಗೆ ಆ ಭಾಗ್ಯವಿಲ್ಲ.

ತೊಟ್ಟಿಯ ಫಿಲ್ಟರಿನ ಸ್ಪಂಜಿನಲ್ಲಿ, ತಳದ ಮರಳಿನಲ್ಲಿ ಈ ಜೀವಿಗಳು ನೆಲೆಗೊಳ್ಳಬೇಕು. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಆಗಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ಅದು ಮೀನಿನ ರಕ್ತಕ್ಕೆ ಸೇರಿ ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕುಂದಿಸುತ್ತದೆ. ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಗಾಳಿಯ ಗುಳ್ಳೆಗಳು ಏಳುತ್ತಿರುವ ತೊಟ್ಟಿಯಲ್ಲಿಯೇ ಮೀನು ಮೇಲ್ಮೈಗೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತದೆ. ಮತ್ತೊಂದು ಬಗೆಯ ಬ್ಯಾಕ್ಟೀರಿಯಾಗಳು ನೈಟ್ರೈಟನ್ನು ನೈಟ್ರೇಟ್ ಆಗಿಸಿದ ಮೇಲೆಯೇ ಅಪಾಯ ತಗ್ಗುವುದು. ಉಳಿದ ನೈಟ್ರೇಟನ್ನು ಸಸ್ಯಗಳು ಹೀರುತ್ತವೆ, ಅಥವಾ ನೀರು ಬದಲಿಸಿ ಹೊರಹಾಕಬಹುದು. ರಷ್ಯಾದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ ಇಂತಹ ಬ್ಯಾಕ್ಟೀರಿಯಾಗಳನ್ನು 1890ರ ಸುಮಾರಿಗೆ ಪ್ರತ್ಯೇಕಿಸಿ ತೋರಿಸಿದರು. ಇವು ನಿಧಾನವಾಗಿ ವೃದ್ಧಿಸುವಂಥವು. ಆದ್ದರಿಂದ ತೊಟ್ಟಿ ಹದಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು.

ಈ ವಾರಗಳ ಬೆಲೆಯನ್ನು ಯಾರು ತೆರಬೇಕು ಎಂಬುದೇ ಇಲ್ಲಿರುವ ಧರ್ಮಸೂಕ್ಷ್ಮ. ಅಂಗಡಿಯ ಸಲಹೆಯಂತೆ ನಡೆದರೆ ಅದನ್ನು ತೆರುವುದು ಆ ನಾಲ್ಕು ಮೀನುಗಳು. ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ ಪ್ರಾಣಕ್ಕೆ ಹಾನಿಯಾಗುವುದನ್ನೇ ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಹಿಂಸೆ ಎನ್ನುತ್ತದೆ. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರ. ಸಂಕಲ್ಪೀ ಹಿಂಸೆಯನ್ನು ಬಿಡಲೇಬೇಕು ಎಂಬುದು ಶ್ರಾವಕಾಚಾರದ ನಿಲುವು. ಮೀನನ್ನು ಕೊಲ್ಲಬೇಕೆಂದು ನಾವೇನೂ ಸಂಕಲ್ಪಿಸಲಿಲ್ಲವಲ್ಲ ಎಂದು ಯಾರಾದರೂ ಹೇಳಬಹುದು. ಹಾಗಿದ್ದರೆ ಅಗ್ಗದ ಮೀನನ್ನೇ ಆರಿಸಿದ್ದೇಕೆ? ಸತ್ತರೆ ನಷ್ಟ ಕಡಿಮೆಯೆಂದಲ್ಲವೇ? ಏನೂ ತಿಳಿಯದೆ ಮಾಡಿದ್ದು ಪ್ರಮಾದವಾದೀತು. ಸಾಯಬಹುದೆಂದು ಬಲ್ಲವನು ಬೆಲೆ ನೋಡಿ ಆರಿಸಿದಾಗ ಅದು ಪ್ರಮಾದದ ಎಲ್ಲೆಯನ್ನು ಮೀರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹತ್ತು ರೂಪಾಯಿಯ ಮೀನೂ ಸಾವಿರ ರೂಪಾಯಿಯ ಮೀನೂ ಪಂಚೇಂದ್ರಿಯ ಜೀವಗಳೇ.

ಮೀನಿಲ್ಲದೆಯೇ ತೊಟ್ಟಿಯನ್ನು ಹದಗೊಳಿಸುವ ದಾರಿ ಇರುವಾಗ ಈ ಹಿಂಸೆಗೆ ಯಾವ ಅನಿವಾರ್ಯತೆಯೂ ಇಲ್ಲ. ಕ್ಲೋರಿನ್ ತೆಗೆದ ನೀರನ್ನು ತುಂಬಿ ಫಿಲ್ಟರನ್ನು ಹಗಲಿರುಳು ನಡೆಸಬೇಕು. ನೀರು 25ರಿಂದ 28 ಡಿಗ್ರಿ ಬೆಚ್ಚಗಿದ್ದರೆ ಒಳಿತು. ಬ್ಯಾಕ್ಟೀರಿಯಾಗಳಿಗೆ ಉಣಿಸಾಗಿ ಕೆಲವರು ಚಿಟಿಕೆ ಮೀನಿನ ಆಹಾರವನ್ನು ನೀರಿನಲ್ಲಿ ಕೊಳೆಯಬಿಡುತ್ತಾರೆ. ಆ ಆಹಾರದಲ್ಲಿ ಬಹುತೇಕ ಒಣಮೀನಿನ ಪುಡಿಯೇ ಇರುವುದರಿಂದ ಜೈನರ ಮನೆಗೆ ಅದು ಸಲ್ಲದು. ಸುಗಂಧ, ಸಾಬೂನು ಬೆರೆಸದ ಶುದ್ಧ ಅಮೋನಿಯಾ ದ್ರಾವಣವನ್ನು ಲೀಟರಿಗೆ ಸುಮಾರು 2 ಮಿಲಿಗ್ರಾಂ ಆಗುವಂತೆ ಹನಿಸಿದರೆ ಸಾಕು. ಮುಂದಿನದನ್ನು ಟೆಸ್ಟ್ ಕಿಟ್ ಹೇಳುತ್ತದೆ. ಮೊದಲು ಅಮೋನಿಯಾ ಕಾಣುತ್ತದೆ. ಅದು ಇಳಿಯುತ್ತಿದ್ದಂತೆ ನೈಟ್ರೈಟ್ ಏರುತ್ತದೆ. ಕೊನೆಗೆ ಅದೂ ಇಳಿದು ನೈಟ್ರೇಟ್ ಉಳಿಯುತ್ತದೆ. ಹನಿಸಿದ ಅಮೋನಿಯಾ 24 ಗಂಟೆಗಳಲ್ಲಿ ಕರಗಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ತೊಟ್ಟಿ ಸಿದ್ಧವೆಂದರ್ಥ. ಹಳೆಯ, ಆರೋಗ್ಯಕರ ತೊಟ್ಟಿಯ ಸ್ಪಂಜಿನ ಒಂದು ತುಂಡನ್ನು ಪರಿಚಿತರಿಂದ ತಂದಿರಿಸಿದರೆ ಕಾಲ ಬಹಳ ತಗ್ಗುತ್ತದೆ.

ಬ್ಯಾಕ್ಟೀರಿಯಾಗಳೂ ಜೀವಗಳಲ್ಲವೇ, ಅವನ್ನು ನಮ್ಮ ಅನುಕೂಲಕ್ಕೆ ಬೆಳೆಸಬಹುದೇ ಎಂದು ಶ್ರದ್ಧಾವಂತರು ಕೇಳಬಹುದು. ಈ ಪ್ರಶ್ನೆ ಕ್ಷುಲ್ಲಕವಲ್ಲ. ಅವನ್ನು ಏಕೇಂದ್ರಿಯಗಳ ಸಾಲಿನಲ್ಲಿರಿಸಿ ನೋಡಿದರೂ, ಸ್ಥಾವರ ಜೀವಗಳ ವಿಷಯದಲ್ಲಿ ಅನಗತ್ಯ ಹಿಂಸೆ ಕೂಡದೆಂಬ ನಿಯಮ ಇದ್ದೇ ಇದೆ. ನಮ್ಮ ಹಿರಿಯರು ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದುದನ್ನು ಅದೇ ಬಾವಿಗೆ ಮರಳಿ ಬಿಡುತ್ತಿದ್ದರು. ಅದೇ ಎಚ್ಚರವನ್ನು ಇಲ್ಲಿಯೂ ತೋರಬಹುದು. ಫಿಲ್ಟರಿನ ಸ್ಪಂಜನ್ನು ನಲ್ಲಿಯಡಿ ಹಿಡಿದು ತೊಳೆದರೆ ಕ್ಲೋರಿನ್ನಿನಿಂದ ಅದರಲ್ಲಿ ನೆಲೆಸಿದ ಜೀವಗಳು ಅಳಿಯುತ್ತವೆ, ಅವುಗಳ ಹಿಂದೆಯೇ ಮೀನುಗಳೂ. ತೊಟ್ಟಿಯದೇ ನೀರನ್ನು ಬಕೆಟ್ಟಿಗೆ ತೆಗೆದು ಅದರಲ್ಲಿ ಸ್ಪಂಜನ್ನು ಮೆಲ್ಲಗೆ ಹಿಂಡಿದರೆ ಸಾಕು. ವಸ್ತುವನ್ನು ಎತ್ತುವ, ಇಡುವ ಮುನ್ನ ಮುನಿಗಳು ಆ ಸ್ಥಳವನ್ನು ನೋಡಿ ಪಿಂಛಿಯಿಂದ ಹಗುರವಾಗಿ ಸವರುತ್ತಾರೆ. ಅದು ಆದಾನ ನಿಕ್ಷೇಪಣ ಸಮಿತಿ. ಒಂದು ಜೀವವನ್ನೇ ಒಂದೆಡೆ ತಂದಿಡುವವನು ಆ ಸ್ಥಳವನ್ನು ಪರೀಕ್ಷಿಸದೆ ಇಡಬಹುದೇ?

ಇಷ್ಟೆಲ್ಲ ಹೇಳಿದ ಮೇಲೂ ತೊಟ್ಟಿಯ ಮೀನು ಬಂಧಿಯೇ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ. ಮೀನನ್ನು ಕೊಳ್ಳದಿರುವುದೇ ಶ್ರಾವಕನಿಗೆ ಮೇಲು. ಅದರ ನಿತ್ಯದ ಆಹಾರದಲ್ಲಿಯೂ ಬೇರೆ ಮೀನುಗಳ ಪುಡಿ ಇರುವುದನ್ನು ಕಂಡವರಿಗೆ ಈ ಮಾತು ಕಠಿಣವೆನಿಸದು. ಬಂಧನ ಬೇಡವೆಂದು ಈಗಾಗಲೇ ಸಾಕಿದ ಹೊರನಾಡಿನ ಮೀನನ್ನು ಕೆರೆಗೆ ಬಿಡುವುದೂ ದಯೆಯಲ್ಲ. ಅದು ಅಲ್ಲಿಯ ಜೀವಗಳ ನೆಲೆಗೆ ಎರವಾಗಬಹುದು. ತೊಟ್ಟಿ ಮನೆಗೆ ಬಂದಾಗಿದ್ದರೆ, ಅದು ಹದಗೊಳ್ಳುವ ವಾರಗಳು ಆಸೆಯನ್ನು ತೂಗಿ ನೋಡಲು ದೊರೆತ ಅವಧಿಯೂ ಆಗುತ್ತವೆ. ನೀರಸಸ್ಯಗಳನ್ನು ನೆಟ್ಟು, ಅವು ಚಿಗುರುವುದನ್ನು ಕಂಡು, ಮೀನೇ ಬೇಡವೆಂದು ಮನಸ್ಸು ಹೇಳಿದರೆ ಅಲ್ಲಿಗೇ ನಿಲ್ಲಬಹುದು. ಬೇಕೆಂದೇ ಆದರೆ, ಬಹುಪಾಲು ನೀರನ್ನು ಬದಲಿಸಿ, ಒಂದೆರಡು ಸಣ್ಣ ಮೀನುಗಳನ್ನಷ್ಟೇ ತಂದು, ಮುಂದಿನ ಕೆಲವು ದಿನ ಪ್ರತಿದಿನವೂ ನೀರನ್ನು ಪರೀಕ್ಷಿಸುತ್ತಿರಬೇಕು. ಆ ಪರೀಕ್ಷೆಯ ಕೆಲಸವನ್ನು ಹಟ ಹಿಡಿದ ಮಕ್ಕಳಿಗೇ ವಹಿಸಬಹುದು.