ಪಿ.ಪಿ. ನಂಬರಿನ ಪಾಠ

ನಮ್ಮ ದೊಡ್ಡಬಳ್ಳಾಪುರದ ಹಳೆಯ ಲಗ್ನಪತ್ರಿಕೆಗಳಲ್ಲಿ ಫೋನ್ ನಂಬರಿನ ಪಕ್ಕ ‘ಪಿ.ಪಿ.’ ಎಂದಿರುತ್ತಿತ್ತು. ಫೋನು ನಮ್ಮದಲ್ಲ, ಪಕ್ಕದವರದು ಎಂದರ್ಥ. ನಮ್ಮ ಬೀದಿಯಲ್ಲಿ ಫೋನಿದ್ದದ್ದು ಒಂದು ಮಗ್ಗದ ಮನೆಯಲ್ಲಿ. ಅದು ಬಾರಿಸಿದರೆ ಆ ಮನೆಯ ಅಜ್ಜಿ ಮಗ್ಗದ ಸದ್ದನ್ನೂ ಮೀರಿಸಿ ಕೂಗುತ್ತಿದ್ದರು: “ಲೇ ಮಗಾ, ನಿಮ್ಮವ್ವನ್ನ ಕರಿಯೋ, ಹೊಸಕೋಟೆಯಿಂದ ನಿಮ್ಮ ಮಾವ ಮಾತಾಡ್ತಾವ್ರೆ!” ನಾನು ಓಡುತ್ತಿದ್ದೆ. ಅಜ್ಜಿಯೂ ನಾನೂ ಆ ಜಾಲದ ಕೊಂಡಿಗಳಾಗಿದ್ದೆವು.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ನಾವೆಲ್ಲ ಬರೀ ಗಿರಾಕಿಗಳಾಗಿದ್ದೇವೆ. ಗುಡ್ಡದ ಮರೆಯ ಹಳ್ಳಿಯಲ್ಲಿ ಪಡಿತರದ ಯಂತ್ರ ಹೆಬ್ಬೆಟ್ಟು ಒಪ್ಪಲು ಸಿಗ್ನಲ್ಲಿಗೆ ಕಾಯುತ್ತದೆ. ಅಕ್ಕಿಗೆ ಬಂದ ಮುದುಕಿ ಜಗಲಿಯ ಮೇಲೆ ಕಾಯುತ್ತಾಳೆ. ನಾವು ಟವರಿಗೆ ಅರ್ಜಿ ಬರೆಯುತ್ತೇವೆ. ಅರ್ಜಿ ತಪ್ಪಲ್ಲ, ಟವರ್ ಒಂದೇ ದಾರಿ ಎಂಬ ನಂಬಿಕೆ ತಪ್ಪು.

ಲೆಕ್ಕ ನೋಡಿ. ಅಡೆತಡೆಯಿಲ್ಲದ ಬಯಲಲ್ಲಿ ದೂರ ಅರ್ಧವಾದರೆ, ರೇಡಿಯೊ ಸಂದೇಶ ಮುಟ್ಟಿಸಲು ಕಾಲುಭಾಗ ಶಕ್ತಿ ಸಾಕು. ನಡುವೆ ಒಬ್ಬರು ನಿಂತು ದಾಟಿಸಿದರೆ, ಎರಡು ಕಾಲು ಸೇರಿ ಅರ್ಧ. ಬಳಕೆದಾರರಿಬ್ಬರು ಪರಸ್ಪರರ ಸಂದೇಶ ದಾಟಿಸಿದರೆ ಇಬ್ಬರಿಗೂ ಲಾಭವೆಂದು ಸೆಂಡೊನಾರಿಸ್, ಎರ್ಕಿಪ್, ಆಜಾಂಗ್ ಎಂಬ ಸಂಶೋಧಕರು 2003ರಲ್ಲೇ ತೋರಿಸಿದರು. ಒಬ್ಬರ ದಾರಿ ಮಸುಕಾದಾಗ ಇನ್ನೊಬ್ಬರದು ತೆರೆದಿರಬಹುದು.

ಇದು ಪುಸ್ತಕದ ಬದನೆಕಾಯಿ ಅಲ್ಲ. ನೆಲಮಂಗಲ ದಾಟಿ ತುಮಕೂರಿನತ್ತ ಹೋದರೆ ದೇವರಾಯನದುರ್ಗ. ಆ ಭಾಗದಲ್ಲಿ ಜನಸ್ತು ಸಂಸ್ಥೆ ಹಳ್ಳಿಯವರ ಜೊತೆ ಸೇರಿ ವೈಫೈ ಮೆಶ್ ಕಟ್ಟಿದೆ. ಒಂದು ಪೆಟ್ಟಿಗೆ ತನಗೆ ಬಂದದ್ದನ್ನು ಮುಂದಿನದಕ್ಕೆ ದಾಟಿಸುತ್ತದೆ. ಕಾನೂನೂ ಪೂರ್ತಿ ಅಡ್ಡಿಯಲ್ಲ. ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಗಳಿಗೆ 2005ರಿಂದ ಲೈಸೆನ್ಸ್ ಬೇಡ. 2020ರ ಪಿಎಂ-ವಾಣಿ ಯೋಜನೆಯಲ್ಲಿ ಟೀ ಅಂಗಡಿಯವರೂ ಲೈಸೆನ್ಸಿಲ್ಲದೆ ವೈಫೈ ಕೊಡಬಹುದು.

ತಡೆಯಿರುವುದು ನಮ್ಮಲ್ಲಿ. ಸಮುದಾಯದ ಬಗ್ಗೆ ಪುಟಗಟ್ಟಲೆ ಬರೆಯುವ ನಾವು ಪಕ್ಕದಲ್ಲಿ ಕೂತವರಿಗೆ ಹಾಟ್‌ಸ್ಪಾಟ್ ಕೊಡಲು ಹಿಂಜರಿಯುತ್ತೇವೆ. ಬ್ಯಾಟರಿ ನನ್ನದು, ಡೇಟಾ ನನ್ನದು; ಯಾರದೋ ತಪ್ಪಿಗೆ ಪೊಲೀಸರು ನನ್ನ ಬಾಗಿಲಿಗೆ ಬಂದರೆ? ಹಗುರವಾದ ಪ್ರಶ್ನೆಗಳಲ್ಲ. ಕೈ ಬದಲಾದಷ್ಟೂ ವೇಗ ತಗ್ಗುವುದೂ ನಿಜ. ಅದಕ್ಕೇ ನಿಯಮ ಬೇಕು: ಯಾರು ಬಳಸಿದರೆಂಬ ಲೆಕ್ಕ, ಎಷ್ಟೆಂಬ ಮಿತಿ, ಕರೆಂಟಿನ ಖರ್ಚಿನಲ್ಲಿ ಎಲ್ಲರ ಪಾಲು. ಅಜ್ಜಿಯ ಮನೆಗೂ ನಿಯಮವಿತ್ತು: ರಾತ್ರಿ 9ರ ಮೇಲೆ ಸಾವಿನ ಸುದ್ದಿಗಷ್ಟೇ ಬಾಗಿಲು ತೆರೆಯುತ್ತಿತ್ತು. ಅಜ್ಜಿ ನಮ್ಮ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು ನಿಜ. ಗೂಢಲಿಪಿಯ ಬೀಗ ಹಾಕಿದ ಸಂದೇಶವನ್ನು ಯಂತ್ರ ಓದದೆಯೇ ದಾಟಿಸುತ್ತದೆ.

ಭಾರತ್‌ನೆಟ್ ಯೋಜನೆಯ ಕೇಬಲ್ ಗ್ರಾಮ ಪಂಚಾಯಿತಿ ಕಚೇರಿವರೆಗೆ ಬರಬೇಕಾದದ್ದು. ಮುಂದಿನ ಗ್ರಾಮಸಭೆಯಲ್ಲಿ ಟವರಿನ ಅರ್ಜಿಯ ಜೊತೆಗೇ ಕೇಳೋಣ: ಆ ಕಚೇರಿಯಿಂದ ಪಡಿತರದಂಗಡಿವರೆಗೆ ಪೆಟ್ಟಿಗೆ ಕೂರಿಸಲು ಯಾರ್ಯಾರ ತಾರಸಿ ಸಿಗುತ್ತದೆ? ಮೊದಲ ಪೆಟ್ಟಿಗೆಗೆ ನಮ್ಮ ಮನೆಯದಿದೆ.