ಎಸಿ ಕೊಳ್ಳುವ ಮುಂಚೆ ಬ್ರ್ಯಾಂಡ್ ಬಿಡಿ, ಪಿನ್‌ಕೋಡ್ ನೋಡಿ

ಮಾರ್ಚ್ ಮುಗಿಯುವಷ್ಟರಲ್ಲಿ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಮನೆಗಳಲ್ಲಿ ಒಂದೇ ಪ್ರಶ್ನೆ: "ಯಾವ ಎಸಿ ಒಳ್ಳೇದು ಮಾರಾಯ್ರೆ?" ಗಲ್ಫಿನಿಂದ ರಜೆಗೆ ಬಂದ ಅಣ್ಣ ಒಂದು ಹೆಸರು ಹೇಳುತ್ತಾರೆ. ಮಂಗಳೂರಿನ ಶೋರೂಮಿನವ ಇನ್ನೊಂದು ಹೇಳುತ್ತಾನೆ. ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮೂರನೆಯದ್ದು ಬರುತ್ತದೆ. ಹತ್ತು ವರ್ಷದ ಹಿಂದೆ ಎಸಿ ಅಂದರೆ ದುಡ್ಡಿದ್ದವರ ಮನೆಯ ವಸ್ತು. ಈಗ ಸಣ್ಣ ವ್ಯಾಪಾರಿಯ ಮನೆಯಲ್ಲೂ ಕಡೇಪಕ್ಷ ಒಂದು ಕೋಣೆಗೆ ಬೇಕೇ ಬೇಕು ಎನ್ನುವ ಸ್ಥಿತಿ. 2024ರ ಬೇಸಿಗೆಯಲ್ಲಿ ಕೇರಳದ ವಿದ್ಯುತ್ ಬೇಡಿಕೆ 5,700 ಮೆಗಾವ್ಯಾಟ್ ದಾಟಿ ದಾಖಲೆಯಾದಾಗ, ಅದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ನಮ್ಮ ಮಲಗುವ ಕೋಣೆಯ ಎಸಿಗಳೇ.

ನಾನು ಎಸಿ ಮಾರುವವನಲ್ಲ. ಉಪ್ಪಳದಲ್ಲಿ ಸಣ್ಣದೊಂದು ಅಂಗಡಿ ಇಟ್ಟುಕೊಂಡಿದ್ದೇನೆ, ಓದಿದ್ದು ಬಿಕಾಂ. ಹಾಗಾಗಿ ಈ ವಿಷಯವನ್ನು ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು ನೋಡುತ್ತೇನೆ. ಅದಕ್ಕೂ ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ.

2022ರಲ್ಲಿ ಉಮ್ಮನಿಗೆ ಸೆಖೆಯಲ್ಲಿ ನಿದ್ದೆ ಬಾರದೆ ಒದ್ದಾಟ ಹೆಚ್ಚಾಯಿತೆಂದು ಎಸಿ ತೆಗೆದುಕೊಂಡೆ. ಊರಿನ ಅಂಗಡಿಗಿಂತ ಮಂಗಳೂರಿನಲ್ಲಿ 1,500 ರೂಪಾಯಿ ಕಡಿಮೆ ಎಂದು ಅಲ್ಲೇ ಬಿಲ್ ಮಾಡಿಸಿದೆ. ನಮ್ಮ ಮನೆಯಿಂದ ಕಡಲಿಗೆ ಅರ್ಧ ಕಿಲೋಮೀಟರ್ ಸಹ ಇಲ್ಲ. ಹೊರಗಿನ ಯುನಿಟ್ಟನ್ನು ಪಡುವಣ ಗೋಡೆಗೆ, ಕಡಲಿಗೆ ಮುಖ ಮಾಡಿ ಕೂರಿಸಿದರು. ಮೂರನೇ ಬೇಸಿಗೆಗೆ ತಂಪು ನಿಂತಿತು. ಉಪ್ಪುಗಾಳಿಗೆ ಕಾಯಿಲ್ ತಿಂದುಹೋಗಿ ಗ್ಯಾಸ್ ಸೋರಿತ್ತು. ಮಂಗಳೂರಿನ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ, "ನಿಮ್ಮ ಪಿನ್‌ಕೋಡ್ 671 ಅಲ್ವಾ ಸರ್, ನಮಗೆ ಬರುವುದಿಲ್ಲ, ಕಣ್ಣೂರಿನವರು ಬರ್ತಾರೆ" ಎಂಬ ಉತ್ತರ. ಮೂವತ್ತು ಕಿಲೋಮೀಟರ್ ದೂರದ ಮಂಗಳೂರು ಆಗುವುದಿಲ್ಲ, ನೂರು ಕಿಲೋಮೀಟರಿಗೂ ಆಚೆಯ ಕಣ್ಣೂರು ಆಗಬೇಕು! ಅವರು ಬಂದದ್ದು 19 ದಿನದ ನಂತರ. ಅಷ್ಟೂ ದಿನ ಉಮ್ಮ ಹಾಲಿನಲ್ಲಿ ನೆಲದ ಮೇಲೆ ಚಾಪೆ ಹಾಕಿ ಮಲಗಿದರು. ಕಾಯಿಲಿಗೆ ವಾರಂಟಿ ಒಂದೇ ವರ್ಷ, "10 ವರ್ಷ" ಎಂದು ದೊಡ್ಡದಾಗಿ ಬರೆದದ್ದು ಕಂಪ್ರೆಸರಿಗೆ ಮಾತ್ರ. ಕೈಯಿಂದ ಹೋದದ್ದು 13,000 ರೂಪಾಯಿ. 1,500 ಉಳಿಸಿದ ಕಥೆ ಇದು.

ಈ ವರ್ಷ ಬದಲಾದದ್ದು ಏನು?

ಎರಡು ಸಂಗತಿ. ಒಂದು, 2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. "ಹತ್ತು ಪರ್ಸೆಂಟ್ ಇಳೀತು" ಎಂದು ಎಲ್ಲರೂ ಹೇಳುತ್ತಾರೆ, ಆದರೆ ಗಿರಾಕಿ ಕೊಡುವ ಬೆಲೆಯಲ್ಲಿ ಅದು ಸುಮಾರು ಶೇ. 7.8 ಅಷ್ಟೇ. ತೆರಿಗೆಗೆ ಮೊದಲು 30,000 ಇರುವ ಎಸಿ ಆಗ 38,400 ಆಗುತ್ತಿತ್ತು, ಈಗ 35,400. ಉಳಿತಾಯ 3,000. ಈ ತೆರಿಗೆ ಕಾಸರಗೋಡಿನಲ್ಲೂ ಮಂಗಳೂರಿನಲ್ಲೂ ಒಂದೇ. ಗಡಿ ದಾಟಿದರೆ ಟ್ಯಾಕ್ಸ್ ಕಮ್ಮಿ ಎಂಬುದು ಹಳೇ ಕಾಲದ ಮಾತು.

ಎರಡು, 2026ರ ಜನವರಿ 1ರಿಂದ ಸ್ಟಾರ್ ರೇಟಿಂಗ್ ಬಿಗಿಯಾಗಿದೆ. ಕಳೆದ ವರ್ಷ 5 ಸ್ಟಾರ್ ಇದ್ದ ಎಷ್ಟೋ ಮಾದರಿಗಳು ಹೊಸ ಲೆಕ್ಕದಲ್ಲಿ 4 ಸ್ಟಾರ್. ಯಂತ್ರ ಅದೇ, ನಕ್ಷತ್ರ ಮಾತ್ರ ಕಡಿಮೆ. ಅಂಗಡಿಗಳಲ್ಲಿ ಹಳೇ ಸ್ಟಾಕೂ ಹೊಸ ಸ್ಟಾಕೂ ಪಕ್ಕಪಕ್ಕ ನಿಂತಿರುತ್ತವೆ. ಹಾಗಾಗಿ ನಕ್ಷತ್ರ ಎಣಿಸುವುದನ್ನು ಬಿಟ್ಟು ಲೇಬಲ್ಲಿನಲ್ಲಿ ಎರಡು ಅಂಕಿ ಹುಡುಕಿ: 'ಐಸೀರ್' ಎಂಬ ದಕ್ಷತೆಯ ಸಂಖ್ಯೆ ಮತ್ತು ವರ್ಷಕ್ಕೆ ಎಷ್ಟು ಯುನಿಟ್ ಎಂಬುದು. ಆ ಯುನಿಟ್ ಲೆಕ್ಕ ವರ್ಷಕ್ಕೆ 1,600 ಗಂಟೆ ಬಳಕೆಯದ್ದು. ಹಳೇ ನಿಯಮದಲ್ಲಿ ಸ್ಪ್ಲಿಟ್ ಎಸಿಗೆ ಐಸೀರ್ 5 ಇದ್ದರೆ 5 ಸ್ಟಾರ್, 3.8 ಇದ್ದರೆ 3 ಸ್ಟಾರ್ ಸಿಗುತ್ತಿತ್ತು. ಐಸೀರ್ 5.1 ಇರುವ ಹಳೇ ಸ್ಟಾಕು ರಿಯಾಯಿತಿಗೆ ಸಿಕ್ಕಿದರೆ ಅದೇನೂ ಕೆಟ್ಟ ಮಾಲಲ್ಲ.

ಅಸಲಿ ಲೆಕ್ಕ ಕೆಎಸ್‌ಇಬಿ ಬಿಲ್ಲಿನಲ್ಲಿದೆ

1.5 ಟನ್ನಿನ ಎಸಿಗೆ ಐಸೀರ್ 3.9 ಇದ್ದರೆ ಲೇಬಲ್ಲಿನಲ್ಲಿ ಸುಮಾರು 975 ಯುನಿಟ್ ಇರುತ್ತದೆ, 5.1 ಇದ್ದರೆ ಸುಮಾರು 750. ಅಂದರೆ ಗಂಟೆಗೆ 0.61 ಯುನಿಟ್ ಮತ್ತು 0.47 ಯುನಿಟ್. ರಾತ್ರಿ 8 ಗಂಟೆಯಂತೆ ತಿಂಗಳಿಗೆ 240 ಗಂಟೆ ಓಡಿಸಿದರೆ ಮೊದಲನೆಯದ್ದು 146 ಯುನಿಟ್, ಎರಡನೆಯದ್ದು 112. ವ್ಯತ್ಯಾಸ 34 ಯುನಿಟ್. ಇಷ್ಟಕ್ಕೆ ಎಂಟು ಹತ್ತು ಸಾವಿರ ಹೆಚ್ಚು ಕೊಡಬೇಕಾ ಎಂದು ಕೇಳುವುದು ನ್ಯಾಯವೇ.

ಆದರೆ ಕೇರಳದಲ್ಲಿ ತಿಂಗಳಿಗೆ 250 ಯುನಿಟ್ ಎಂಬುದು ಒಂದು ಗೆರೆ. ಅದರೊಳಗೆ ಇದ್ದರೆ ಮೊದಲ ಯುನಿಟ್‌ಗಳಿಗೆ ಕಡಿಮೆ ದರ, ಮೇಲೆ ಹೋದಂತೆ ಹೆಚ್ಚು ದರ. ಗೆರೆ ದಾಟಿದಿರಾ, ಆ ಮೆಟ್ಟಿಲೇ ಇಲ್ಲ. ಮೊದಲ ಯುನಿಟ್ಟಿನಿಂದಲೇ ಎಲ್ಲಕ್ಕೂ ಒಂದೇ ದೊಡ್ಡ ದರ. ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವುದರಿಂದ ನಿಮ್ಮ ಬಿಲ್ಲಿನಲ್ಲಿ ಆ ಗೆರೆ 500 ಯುನಿಟ್. ಗೆರೆ ದಾಟುವ ಮನೆಗಳಿಗೆ ಸಂಜೆ 6ರಿಂದ ರಾತ್ರಿ 10ರ ದರವೂ ಜಾಸ್ತಿ.

ಈಗ ನೋಡಿ. ಫ್ರಿಜ್ಜು, ಫ್ಯಾನು, ಪಂಪು, ಮಿಕ್ಸಿ ಎಲ್ಲ ಸೇರಿ ತಿಂಗಳಿಗೆ 120 ಯುನಿಟ್ ಸುಡುವ ಮನೆ. ಕಡಿಮೆ ಐಸೀರಿನ ಎಸಿ ಹಾಕಿದರೆ 266, ಗೆರೆಯ ಆಚೆ. ಒಳ್ಳೇ ಐಸೀರಿನದ್ದು ಹಾಕಿದರೆ 232, ಗೆರೆಯ ಈಚೆ. ಆ 34 ಯುನಿಟ್ಟಿನಿಂದ ಇಡೀ ಬಿಲ್ಲೇ ಬದಲಾಗುತ್ತದೆ. ಮೊದಲೇ 60 ಯುನಿಟ್ ಮಾತ್ರ ಸುಡುವ ಮನೆಗಾದರೆ ಯಾವ ಎಸಿ ಹಾಕಿದರೂ ಗೆರೆಯ ಒಳಗೇ. ವರ್ಷದಲ್ಲಿ ನೂರು ರಾತ್ರಿ ಮಾತ್ರ ಓಡಿಸುವವರಿಗೆ ಹೆಚ್ಚು ಕೊಟ್ಟ ದುಡ್ಡು ತಿರುಗಿ ಬರಲು ಹತ್ತು ವರ್ಷ ಹಿಡಿಯಬಹುದು. ಆದ್ದರಿಂದ ಅಂಗಡಿಗೆ ಹೋಗುವಾಗ ಕಳೆದ ಬೇಸಿಗೆಯ ಬಿಲ್ಲನ್ನು ಜೇಬಿನಲ್ಲಿ ಇಟ್ಟುಕೊಳ್ಳಿ. ತಲಪಾಡಿಯ ಆಚೆ ಇರುವ ನೆಂಟರಿಗೂ ಇದೇ ಮಾತು. ಗೃಹಜ್ಯೋತಿಯಲ್ಲಿ 200 ಯುನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು.

ಹಾಗಾದರೆ ಬ್ರ್ಯಾಂಡ್?

ಬ್ರ್ಯಾಂಡಿಗೆ ಬೆಲೆ ಇಲ್ಲ ಎಂದಲ್ಲ. ಡೈಕಿನ್, ಮಿತ್ಸುಬಿಷಿ, ಎಲ್‌ಜಿ ಮುಂತಾದ ಜಪಾನ್, ಕೊರಿಯಾ ಕಂಪನಿಗಳು ಕಂಪ್ರೆಸರನ್ನು ತಾವೇ ತಯಾರಿಸುತ್ತವೆ. ನಮ್ಮ ದೇಶದ ಹಲವು ಬ್ರ್ಯಾಂಡುಗಳು ಅದನ್ನು ಹೊರಗಿನಿಂದ ಕೊಳ್ಳುತ್ತವೆ. ಹಾಗಾಗಿ ಬೇರೆ ಬೇರೆ ಹೆಸರಿನ ಎರಡು ಪೆಟ್ಟಿಗೆಯೊಳಗೆ ಒಂದೇ ಕಂಪನಿಯ ಕಂಪ್ರೆಸರ್ ಇರಲೂಬಹುದು. ಇನ್ನೊಂದು ಕಡೆ, ಟಾಟಾದವರ ವೋಲ್ಟಾಸ್ ದೇಶದಲ್ಲಿ ಅತಿ ಹೆಚ್ಚು ಮನೆ ಎಸಿ ಮಾರುವ ಕಂಪನಿಗಳಲ್ಲಿ ಒಂದು. ಹೆಚ್ಚು ಮಾರಾಟವಾದದ್ದನ್ನು ಊರಿನ ಮೆಕ್ಯಾನಿಕ್ ಬಿಚ್ಚಿ ನೋಡಿರುತ್ತಾನೆ, ಅದೂ ಒಂದು ಬೆಲೆಯೇ. ಬ್ಲೂ ಸ್ಟಾರ್, ಹ್ಯಾವೆಲ್ಸ್‌ನವರ ಲಾಯ್ಡ್, ಗೋದ್ರೆಜ್ ಕೂಡ ಈ ಸಾಲಿನವೇ. ಹಿಟಾಚಿ ಎಸಿ ವ್ಯವಹಾರ ಈಗ ಜರ್ಮನಿಯ ಬಾಷ್ ಕೈಗೆ ಹೋಗಿದೆ. ಹೆಸರು ಅದೇ ಇದ್ದರೂ ಮಾಲೀಕ ಬದಲಾದಾಗ ಸರ್ವಿಸ್ ಯಾರದ್ದು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಗ್ಯಾಸಿನ ವಿಷಯದಲ್ಲಿ, ಈಗ ಹೆಚ್ಚಿನವು ಆರ್-32. ಹಳೇ ಆರ್-410ಎಗಿಂತ ಭೂಮಿ ಬಿಸಿ ಮಾಡುವ ಶಕ್ತಿ ಇದರದ್ದು ಮೂರನೇ ಒಂದು ಪಾಲು. ಗೋದ್ರೆಜ್‌ನ ಕೆಲವು ಮಾದರಿಗಳಲ್ಲಿ ಬಂದ ಆರ್-290 ಪರಿಸರಕ್ಕೆ ಇನ್ನೂ ಒಳ್ಳೆಯದು, ಆದರೆ ಅದು ಪ್ರೊಪೇನ್, ಬೆಂಕಿ ಹಿಡಿಯುವ ಅನಿಲ. ತರಬೇತಿ ಇಲ್ಲದವನ ಕೈಗೆ ಕೊಡುವಂತಿಲ್ಲ.

ಗಲ್ಫ್ ಅಣ್ಣಂದಿರಿಗೆ ಒಂದು ಮಾತು. ಅಲ್ಲಿ 50 ಡಿಗ್ರಿಯಲ್ಲಿ ಓಡುವ ಎಸಿ ಇಲ್ಲಿ ಇನ್ನೂ ಚೆನ್ನಾಗಿ ಓಡಬೇಕು ಎಂದು ನಮಗೆ ಅನಿಸುತ್ತದೆ. ನಮ್ಮ ಕರಾವಳಿಯಲ್ಲಿ ಉಷ್ಣಾಂಶ 37 ದಾಟುವುದೇ ಅಪರೂಪ. "52 ಡಿಗ್ರಿಯಲ್ಲೂ ತಂಪು" ಎಂಬ ಜಾಹೀರಾತಿಗೆ ನಾವು ದುಡ್ಡು ಕೊಡಬೇಕಾಗಿಲ್ಲ. ನಮ್ಮ ಶತ್ರು ಬಿಸಿಗಿಂತ ಹೆಚ್ಚಾಗಿ ತೇವ ಮತ್ತು ಉಪ್ಪು. ಸೌದಿಯಿಂದ ಎಸಿ ತರುವ ಯೋಚನೆ ಇದ್ದರೆ, ಅಲ್ಲಿನ ಕರೆಂಟ್ 60 ಹರ್ಟ್ಸ್, ನಮ್ಮದು 50 ಎಂಬುದೂ ನೆನಪಿರಲಿ. ಇನ್ನು ಲಂಡನ್, ಕೆನಡಾ ಕಡೆ ಹೋದ ಹುಡುಗರು "ಹೀಟ್ ಪಂಪ್ ಹಾಕಿಸಿ" ಅನ್ನುತ್ತಾರೆ. ಎಸಿ ಕೂಡ ಹೀಟ್ ಪಂಪೇ, ಒಳಗಿನ ಬಿಸಿಯನ್ನು ಹೊರಗೆ ಸಾಗಿಸುತ್ತದೆ. ಅದನ್ನೇ ತಿರುಗಿಸಿ ಚಳಿಗಾಲದಲ್ಲಿ ಮನೆ ಬಿಸಿ ಮಾಡುವ ವ್ಯವಸ್ಥೆ ಇದ್ದರೆ ನಮ್ಮ ಅಂಗಡಿಯಲ್ಲಿ 'ಹಾಟ್ ಆಂಡ್ ಕೋಲ್ಡ್' ಎನ್ನುತ್ತಾರೆ. ನಮಗೆ ಬೇಡವೇ ಬೇಡ.

ಉಪ್ಪುಗಾಳಿಗೆ ಎಂಥ ಮದ್ದು?

ಕಾಯಿಲ್ ತಾಮ್ರದ್ದೇ ಇರಲಿ. ಅದರ ಮೇಲೆ ಲೇಪನ ಇರಲಿ. ಎಲ್‌ಜಿ 'ಓಶನ್ ಬ್ಲ್ಯಾಕ್', ಪ್ಯಾನಸಾನಿಕ್ 'ಶೀಲ್ಡ್ ಬ್ಲೂ' ಎಂದೆಲ್ಲ ಹೆಸರಿಟ್ಟಿರುವುದು ಈ ಲೇಪನಕ್ಕೆ. ಆದರೆ ಹೆಸರು ವಾರಂಟಿ ಅಲ್ಲ. "ಕಾಯಿಲಿಗೆ ಎಷ್ಟು ವರ್ಷ? ತುಕ್ಕು ಹಿಡಿದರೆ ಕೊಡ್ತೀರಾ? ಗ್ಯಾಸ್ ತುಂಬಿಸುವುದು ಸೇರಿದೆಯಾ?" ಎಂದು ಮೂರು ಪ್ರಶ್ನೆ ಕೇಳಿ, ಉತ್ತರವನ್ನು ವಾರಂಟಿ ಕಾರ್ಡಿನಲ್ಲೇ ತೋರಿಸಲು ಹೇಳಿ. ಹೊರ ಯುನಿಟ್ಟನ್ನು ಕಡಲಿಗೆ ಬೆನ್ನು ಮಾಡಿ, ಗೋಡೆಯ ಮರೆಯಲ್ಲಿ ಕೂರಿಸಿ. ತಿಂಗಳಿಗೊಮ್ಮೆ ಸ್ವಿಚ್ ಆಫ್ ಮಾಡಿ ಸಿಹಿನೀರಿನಿಂದ ಮೆಲ್ಲಗೆ ತೊಳೆದರೆ ಆಯುಷ್ಯ ಹೆಚ್ಚು. ಹೊಸ ಕಾಯಿಲ್ ಹಾಕಿದ ಮೇಲೆ ನಾನು ಮಾಡುತ್ತಿರುವುದು ಇದನ್ನೇ, ಈವರೆಗೆ ತೊಂದರೆ ಇಲ್ಲ.

'ನೋ ಕಾಸ್ಟ್ ಇಎಂಐ' ಬಗ್ಗೆಯೂ ಹುಷಾರು. ರೊಕ್ಕ ಕೊಟ್ಟರೆ ಎಷ್ಟು ಎಂದು ಮೊದಲು ಕೇಳಿ. ಆ ರಿಯಾಯಿತಿ ಇಎಂಐಯಲ್ಲಿ ಮಾಯವಾಗಿದ್ದರೆ ಬಡ್ಡಿ ಅಲ್ಲೇ ಅಡಗಿದೆ. ಕ್ರೆಡಿಟ್ ಕಾರ್ಡಿನಲ್ಲಿ ಮಾಡಿದರೆ ಬಡ್ಡಿಯ ಮೇಲಿನ ಜಿಎಸ್‌ಟಿ ಸ್ಟೇಟ್‌ಮೆಂಟಿನಲ್ಲಿ ಕಾಣುತ್ತದೆ. ಬಡ್ಡಿಯೇ ಇಲ್ಲದಿದ್ದರೆ ಅದರ ಮೇಲೆ ತೆರಿಗೆ ಎಲ್ಲಿಂದ ಬಂತು?

ಕೊನೆಗೆ, ದುಡ್ಡು ಕೊಡುವ ಮೊದಲು ಮಾಡಬೇಕಾದ ಒಂದು ಕೆಲಸ. ಅಂಗಡಿಯಲ್ಲೇ ನಿಂತು ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ. ನಿಮ್ಮ 671ರ ಪಿನ್‌ಕೋಡ್ ಹೇಳಿ, "ಈ ಊರಿಗೆ ಸರ್ವಿಸಿಗೆ ಯಾರು ಬರ್ತಾರೆ, ಎಲ್ಲಿಂದ ಬರ್ತಾರೆ, ಎಷ್ಟು ದಿನ ಆಗ್ತದೆ?" ಎಂದು ಕೇಳಿ. ಕಾಸರಗೋಡಿನಿಂದ ಎಂದರೆ ಕೊಳ್ಳಿ. ತಡವರಿಸಿದರೆ ಎಷ್ಟೇ ದೊಡ್ಡ ಹೆಸರಾದರೂ ಬಿಡಿ. ಬೆಲೆ ಸಾವಿರ ಹೆಚ್ಚಾದರೂ ಪರವಾಗಿಲ್ಲ, ಊರಿನ ಅಂಗಡಿಯಲ್ಲೇ ತೆಗೆದುಕೊಳ್ಳಿ. ಕೆಟ್ಟಾಗ ಹೋಗಿ ಮುಖ ನೋಡಿ ಕೇಳಲು ಒಬ್ಬ ಮನುಷ್ಯ ಇರುತ್ತಾನೆ. ಎರಡು ರಾಜ್ಯದ ನಡುವೆ ಬದುಕುವ ನಮಗೆ ರೇಷನ್ ಕಾರ್ಡಿನಿಂದ ಹಿಡಿದು ಶಾಲೆಯ ಪುಸ್ತಕದವರೆಗೆ "ನೀವು ಆ ಕಡೆಯವರು" ಎಂಬ ಮಾತು ಕೇಳಿ ಅಭ್ಯಾಸವಾಗಿದೆ. ಬೇಸಿಗೆಯ ರಾತ್ರಿ, ವಯಸ್ಸಾದ ಉಮ್ಮ ಸೆಖೆಯಲ್ಲಿ ಹೊರಳಾಡುತ್ತಿರುವಾಗ ಆ ಮಾತು ಕೇಳುವ ಪಾಡು ಬೇರೆಯವರಿಗೆ ಬೇಡ.